ವಾಲಿ ನಿಂತ ದಪ್ಪಕ್ಷರ

ಮದುವೆಯ ಕರೆಯೋಲೆ ಕೈಗೆ ಬಂದರೆ ನೀವು ಮೊದಲು ಏನು ನೋಡುತ್ತೀರಿ? ಮುಹೂರ್ತವನ್ನೋ, ಛತ್ರದ ಹೆಸರನ್ನೋ ಇರಬೇಕು. ಕನ್ನಡ ಪಾಠ ಹೇಳುವ ನನ್ನ ಕಣ್ಣು ಹೋಗುವುದು ನೆತ್ತಿಯ ಮೇಲಿನ ‘ಶುಭ ವಿವಾಹ’ದ ಕಡೆಗೆ. ಹತ್ತರಲ್ಲಿ ಆರೇಳು ಪತ್ರಿಕೆಗಳಲ್ಲಿ ಅದು ‘ಶುಬ ವಿವಾಹ’ ಆಗಿರುತ್ತದೆ. ಬರೆದವರಿಗೆ ಕಾಗುಣಿತ ಬಾರದೆ ಹಾಗಾದದ್ದಲ್ಲ. ಅಕ್ಷರವನ್ನು ಕೊಬ್ಬಿಸಿ, ಬಲಕ್ಕೆ ವಾಲಿಸಿ ಅಚ್ಚು ಹಾಕಿದ್ದಾರೆ. ಭಕಾರದ ಅಡಿಯ ಸಣ್ಣ ಸೀಳು ಮಸಿಯಲ್ಲಿ ಮುಚ್ಚಿಹೋಗಿದೆ.

ನಮ್ಮ ಲಿಪಿಯಲ್ಲಿ ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಎಷ್ಟೋ ಕಡೆ ಇರುವ ವ್ಯತ್ಯಾಸ ಆ ಒಂದು ಸೀಳು ಮಾತ್ರ. ದಕಾರಕ್ಕೆ ಅಡಿಯಲ್ಲಿ ಸೀಳಿದರೆ ಧ, ಅದರ ಒಳಗೊಂದು ಚುಕ್ಕೆ ಇಟ್ಟರೆ ಥ. ದಪ್ಪ ಮಾಡಿದಂತೆಲ್ಲ ಮೊದಲು ಚುಕ್ಕೆ ನುಂಗಿಹೋಗುತ್ತದೆ, ಆಮೇಲೆ ಸೀಳು. ಜಾತ್ರೆಯ ಬ್ಯಾನರಿನಲ್ಲಿ ‘ರಥೋತ್ಸವ’ ಏನಾಗುತ್ತದೆಂದು ನೀವೇ ನೋಡಿ.

ನಮ್ಮ ಕಡೆಯ ಊರುಗಳ ಹೆಸರನ್ನೇ ತೆಗೆದುಕೊಳ್ಳೋಣ. ಶಿರಾ, ಪಾವಗಡ, ಕೊರಟಗೆರೆಗಳಿಗೆ ಈ ಕಾಟವಿಲ್ಲ. ಎಷ್ಟು ವಾಲಿಸಿದರೂ ಓದಿಸಿಕೊಳ್ಳುತ್ತವೆ. ಪೆಟ್ಟು ಬೀಳುವುದು ಮಧುಗಿರಿಗೆ. ‘ಮದುಗಿರಿ’ ಎಂದು ಕಾಣುವ ಫ್ಲೆಕ್ಸುಗಳನ್ನು ಬಸ್ ನಿಲ್ದಾಣದಿಂದ ದಂಡಿನ ಮಾರಮ್ಮನ ಗುಡಿಯವರೆಗೆ ಎಣಿಸಬಹುದು. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟದ ಪಾಡು ಇನ್ನೂ ಕಷ್ಟ. ಅಲ್ಲಿ ಧಕಾರವೇ ಒತ್ತಾಗಿ ಕೆಳಗೆ ಕೂತಿದೆ. ಮೇಲಿನ ದಕಾರ ಬಲಕ್ಕೆ ವಾಲಿದರೆ ಒತ್ತು ಎಡಕ್ಕೆ ಜಾರಿ ಹಿಂದಿನ ಅಕ್ಷರದ ಕಾಲಿಗೆ ತಗಲುತ್ತದೆ.

ಈ ಓರೆ ಅಕ್ಷರ ಹುಟ್ಟಿದ್ದು ನಮ್ಮಲ್ಲಲ್ಲ. ಇಟಾಲಿಕ್ ಎಂಬ ಹೆಸರೇ ಇಟಲಿಯದು. ವೆನಿಸ್ಸಿನ ಮುದ್ರಕ ಆಲ್ದಸ್ ಮನೂಟಿಯಸ್ 1501ರಲ್ಲಿ ವರ್ಜಿಲ್ ಕವಿಯ ಪುಸ್ತಕವನ್ನು ಇಡಿಯಾಗಿ ಅದರಲ್ಲೇ ಅಚ್ಚು ಹಾಕಿದ. ಮೊಳೆ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ನಿಂತ ಅಕ್ಷರವನ್ನು ಆತ ಸುಮ್ಮನೆ ತಳ್ಳಲಿಲ್ಲ. ಕೈಬರಹದ ಓಟ ನೋಡಿ ಹೊಸದಾಗಿ ಕೊರೆದ. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನವರು ಲಾಟರಿ ಜಾಹೀರಾತಿಗೆಂದು ಅಕ್ಷರಗಳನ್ನು ಕೊಬ್ಬಿಸಿದಾಗಲೂ ದಪ್ಪ ಗೆರೆಯ ಪಕ್ಕದಲ್ಲಿ ಕೂದಲೆಳೆಯ ಗೆರೆ ಉಳಿಸಿಕೊಂಡರು. ದಪ್ಪಕ್ಕೆ ಅಂದ ಬರುವುದೇ ಆ ತೆಳುವಿನಿಂದ. ನಮ್ಮ ಕಂಪ್ಯೂಟರಿನಲ್ಲಿ ಆಗುವುದೇ ಬೇರೆ. ಹೆಚ್ಚಿನ ಕನ್ನಡ ಅಕ್ಷರಗಳಿಗೆ ಬೇರೆ ಓರೆ ರೂಪವನ್ನು ಯಾರೂ ಬರೆದಿಟ್ಟಿಲ್ಲ. ಗುಂಡಿ ಒತ್ತಿದರೆ ಯಂತ್ರ ಇದ್ದದ್ದನ್ನೇ ತಳ್ಳುತ್ತದೆ, ಇನ್ನೊಂದು ಗುಂಡಿಗೆ ಊದಿಸುತ್ತದೆ. ತೆಳು ಗೆರೆಯೂ ಊದಿಕೊಂಡು ಎಲ್ಲಾ ಒಂದೇ ಆಗುತ್ತದೆ.

ಓರೆಯೇ ಬೇಡವೆಂದು ನನ್ನ ವಾದವಲ್ಲ. ನಾಟಕದ ಬೋರ್ಡು, ಅಂಗಡಿ ಗೋಡೆ ಬರೆಯುತ್ತಿದ್ದ ಪೇಂಟರುಗಳು ಎಷ್ಟು ಸೊಗಸಾಗಿ ವಾಲಿಸುತ್ತಿದ್ದರು! ಧ ಬಂದಾಗ ಹೊಟ್ಟೆ ಸ್ವಲ್ಪ ಅಗಲಿಸಿ, ಸೀಳಿಗೆ ಜಾಗ ಬಿಟ್ಟು, ಒತ್ತನ್ನು ಬಲಕ್ಕೆ ಸರಿಸಿ ಬರೆಯುತ್ತಿದ್ದರು. ಅವರಲ್ಲಿ ಎಷ್ಟೋ ಜನ ಹೈಸ್ಕೂಲು ಮೆಟ್ಟಿಲು ಹತ್ತಿದವರಲ್ಲ, ಆದರೂ ಅಕ್ಷರದ ಮರ್ಮ ತಿಳಿದಿತ್ತು.

ಪಾವಗಡದ ಮಕ್ಕಳ ವಿಷಯ ಬೇರೆಯೇ ಹೇಳಬೇಕು. ಮೂರು ಕಡೆ ಆಂಧ್ರ, ಮನೆಯಲ್ಲಿ ಎಷ್ಟೋ ಮಕ್ಕಳಿಗೆ ತೆಲುಗು ಮಾತು. ಎರಡು ಲಿಪಿಗಳೂ ಅಕ್ಕತಂಗಿಯರ ಹಾಗೆ, ಬೇರೆ ಎಂದು ಗುರುತು ಹಿಡಿಯಲು ಸುಲಭದ ದಾರಿ ತಲೆಕಟ್ಟು. ತಲೆಕಟ್ಟೇ ಊದಿಕೊಂಡು ಅಕ್ಷರದ ಮೈಗೆ ಅಂಟಿಕೊಂಡರೆ ಆ ಮಗು ಯಾವುದನ್ನು ಹಿಡಿದು ಓದಬೇಕು? ತರಗತಿಯಲ್ಲಿ ನಾವು ‘ಧ, ಸೀಳು ಮರೀಬೇಡ್ರೋ’ ಅನ್ನುತ್ತೇವೆ. ಬೀದಿಯ ಬೋರ್ಡು ಅವರಿಗೆ ಬೇರೆ ಪಾಠ ಹೇಳುತ್ತದೆ, ನಮ್ಮ ಹಲಗೆಗಿಂತ ನೂರು ಪಾಲು ದೊಡ್ಡ ಅಕ್ಷರದಲ್ಲಿ.

ನಮ್ಮ ಶಾಲೆಯ ವಾರ್ಷಿಕೋತ್ಸವದ ಬ್ಯಾನರಿನ ಕರಡಿನಲ್ಲೂ ‘ವಿದ್ಯಾರ್ಥಿ’ ಹೀಗೇ ಊದಿಕೊಂಡು ಕೂತಿತ್ತು. ಡಿಟಿಪಿ ಅಂಗಡಿಯ ಹುಡುಗನಿಗೆ, ‘ಇದನ್ನ ನೆಟ್ಟಗೆ ನಿಲ್ಲಿಸಪ್ಪ, ಸ್ವಲ್ಪ ತೆಳ್ಳಗೂ ಮಾಡು’ ಅಂದೆ. ‘ಸ್ಟೈಲ್ ಹೋಗುತ್ತೆ ಮಿಸ್’ ಅಂದ. ಕೊನೆಗೆ ಒಪ್ಪಂದವಾಯಿತು: ‘ವಿದ್ಯಾರ್ಥಿ’ಯೂ ಮಕ್ಕಳ ಹೆಸರುಗಳೂ ನೆಟ್ಟಗೆ ನಿಂತವು. ‘ಸುಸ್ವಾಗತ’ದಲ್ಲಿ ಮಹಾಪ್ರಾಣವಿಲ್ಲವಲ್ಲ, ಅದನ್ನು ಅವನಿಷ್ಟದಂತೆ ವಾಲಿಸಿಕೊಳ್ಳಲಿ ಎಂದು ಬಿಟ್ಟೆ.