ಒಂದು ಗಂಟೆ ಎಂಬ ಅರ್ಧ ನಿಯಮ

ಮಲೆನಾಡಿನ ನಗರ ಎಂಬ ಊರಿನಿಂದ ಕೊಲ್ಲೂರಿನ ಕಡೆ ಹೋಗುವ ದಾರಿಯಲ್ಲಿರುವ ನಿಟ್ಟೂರಿನ ಸುತ್ತಮುತ್ತ, ಮಕ್ಕಳಿರುವ ಅನೇಕ ಮನೆಗಳಲ್ಲಿ ಈಗ ಒಂದು ಕಾನೂನಿದೆ: ಮೊಬೈಲು ದಿನಕ್ಕೆ ಒಂದೇ ಗಂಟೆ. ಯಾರು ಮಾಡಿದ ಕಾನೂನು ಎಂದರೆ, ಡಾಕ್ಟರು ಹೇಳಿದ್ದು, ವಾಟ್ಸಾಪಿನಲ್ಲಿ ಬಂದಿದ್ದು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಲ್ಲಿ ಒಂದು ಗಂಟೆಯ ಮಾತು ಇರುವುದು ನಿಜ. ಆದರೆ ಅದು ಐದು ವರ್ಷದೊಳಗಿನ ಮಕ್ಕಳಿಗಾಗಿ ಬರೆದದ್ದು, ಮತ್ತು ಮಗುವಿನ ಇಡೀ 24 ಗಂಟೆಯನ್ನು ಲೆಕ್ಕಕ್ಕೆ ಹಿಡಿದದ್ದು. ಮೂರು-ನಾಲ್ಕು ವರ್ಷದ ಮಗು ದಿನಕ್ಕೆ 180 ನಿಮಿಷವಾದರೂ ಓಡಾಡಿಕೊಂಡು ಆಡಬೇಕು, 10ರಿಂದ 13 ಗಂಟೆ ಮಲಗಬೇಕು, ಪರದೆಯ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು. ಮೂರರಲ್ಲಿ ಕೊನೆಯದನ್ನಷ್ಟೇ ಕತ್ತರಿಸಿಕೊಂಡು ಹತ್ತು ವರ್ಷದ ಮಾಣಿಗೂ ಅನ್ವಯಿಸಿದ್ದೇವೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಯೊಳಗೆ ಎಂದಿರುವುದು ಯಾರ ಕಿವಿಗೂ ಬಿದ್ದಂತಿಲ್ಲ.

ನಿಯಮದ ಕಷ್ಟ ಇರುವುದು ಬಿಟ್ಟುಬಿಟ್ಟ ಆ 180 ನಿಮಿಷದಲ್ಲಿ. ಘಟ್ಟದ ಅಂಚಿನ ಈ ಸೀಮೆಯಲ್ಲಿ ಜೂನ್‌ನಿಂದ ಅಂಗಳ ಜಾರುತ್ತದೆ, ತೋಟಕ್ಕಿಳಿದರೆ ಇಂಬಳ. ಜುಲೈಯಲ್ಲಿ ಮಳೆಗೆ ರಜೆ ಘೋಷಣೆಯಾದರೆ ಮಕ್ಕಳು ಇಡೀ ದಿನ ಮನೆಯೊಳಗೆ, ದೊಡ್ಡವರು ನಟ್ಟಿಗೋ ಕೊಳೆ ಔಷಧಿಗೋ ಹೊರಗೆ. ಮಳೆ ಬಿಟ್ಟಮೇಲಾದರೂ ಕಾಡು ಸುತ್ತಲಿ ಎಂದರೆ ಮಂಗನ ಕಾಯಿಲೆಯ ಕಾಲ ಶುರುವಾಗುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆ ಕಾಯಿಲೆಗೆ ಜನ ಸತ್ತದ್ದನ್ನು ಕಂಡವರು, ಅದನ್ನು ಹರಡುವ ಉಣುಗು ಹತ್ತೀತು ಎಂದು ಮಕ್ಕಳನ್ನು ಹಾಡ್ಯಕ್ಕೆ ಕಳಿಸಲು ಈಗಲೂ ಹೆದರುತ್ತಾರೆ. ಆ ಹೆದರಿಕೆಯನ್ನು ತಪ್ಪೆನ್ನಲಾರೆ. ಒಂಟಿ ಮನೆಗಳ ಊರಿನಲ್ಲಿ ಆಡಲು ಜೊತೆಗಾರರು ಬೇಕೆಂದರೂ ಎರಡು ತೋಟ, ಒಂದು ಹಳ್ಳ ದಾಟಬೇಕು. ಮೊಬೈಲು ಕಿತ್ತುಕೊಂಡ ಮೇಲೆ ಮಗು ಏನು ಮಾಡಬೇಕು ಎಂಬುದಕ್ಕೆ ಈ ಕಾನೂನಿನಲ್ಲಿ ಉತ್ತರವೇ ಇಲ್ಲ.

ಮೊದಲು ಈ ಕಾನೂನು ಬೇಕೂ ಆಗಿರಲಿಲ್ಲ. ನಮ್ಮ ಮಕ್ಕಳು ಮೊಬೈಲು ನೋಡುವುದಿಲ್ಲ ಎಂದು ಹೆಮ್ಮೆಪಡುತ್ತಿದ್ದ ಮನೆಗಳಲ್ಲಿ ಶಿಸ್ತು ಕಾಯುತ್ತಿದ್ದದ್ದು ಸಿಗ್ನಲ್ ಇಲ್ಲದಿರುವಿಕೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿದರು; 2021ರಲ್ಲಿ ಮಲೆನಾಡಿನ ಹಳ್ಳಿಗಳು ನೆಟ್‌ವರ್ಕ್ ಕೊಡದಿದ್ದರೆ ಮತವಿಲ್ಲ ಎಂದವು. ಹೋರಾಡಿ ತರಿಸಿಕೊಂಡದ್ದನ್ನೇ ಈಗ ಮಕ್ಕಳ ಕೈಯಿಂದ ಕಸಿಯುವ ಸ್ಥಿತಿ. ಶಾಲೆಯ ಹೋಂವರ್ಕು ಬರುವುದೂ ಅಮ್ಮನ ವಾಟ್ಸಾಪಿಗೇ. ಹೋಂವರ್ಕು ನೋಡಿ ಕೊಡ್ತೆ ಎಂದು ಒಳಗೆ ಹೋದ ಮೊಬೈಲು ಅರ್ಧ ಗಂಟೆ ಹೊರಗೆ ಬರುವುದಿಲ್ಲ.

ಬೆಳಗಾವಿ ಪಕ್ಕದ ಹಲಗಾ ಗ್ರಾಮ ಬೇರೆ ದಾರಿ ಹಿಡಿಯಿತು. ಅಲ್ಲಿನ ಪಂಚಾಯಿತಿ ಸಂಜೆ 7ಕ್ಕೆ ಸೈರನ್ ಕೂಗಿಸಿ, 9ರವರೆಗೆ ಟಿವಿ, ಮೊಬೈಲು ಬಂದ್ ಎಂದಿತು. ಮಹಾರಾಷ್ಟ್ರದ ಸಾಂಗ್ಲಿ ಕಡೆಯ ಹಳ್ಳಿಯೊಂದನ್ನು ನೋಡಿ ಮಾಡಿದ ಏರ್ಪಾಡು. ಅದರ ದೊಡ್ಡ ಗುಣ, ಸೈರನ್ ಅಪ್ಪಂದಿರಿಗೂ ಕೂಗುತ್ತದೆ ಎಂಬುದು. ಮನೆಗೆ ಮನೆ ಅಂಟಿಕೊಂಡ ಊರಿಗೆ ಹೊಂದುವ ಉಪಾಯವಿದು. ನಿಟ್ಟೂರಿನ ಮಳೆಯಲ್ಲಿ ಸೈರನ್ ಗುಡ್ಡದಾಚೆಗೆ ಕೇಳುವುದೇ ಅನುಮಾನ. ಆದರೂ ದೊಡ್ಡವರಿಗೂ ಅನ್ವಯಿಸುವ ಅದರ ಅರ್ಧ ಭಾಗ ಇಲ್ಲಿಗೆ ತುರ್ತಾಗಿ ಬೇಕಾಗಿದೆ. ಅಡಿಕೆ ಸುಲಿಯುವ ರಾತ್ರಿ ಯಾವ ಮನೆಯ ಚಾವಡಿಗಾದರೂ ಹೋಗಿ ನೋಡಿ: ಸಾಲಾಗಿ ಮೆಟ್ಟುಗತ್ತಿ, ನಡುವೆ ಬುಟ್ಟಿಗೆ ಆನಿಸಿಟ್ಟ ಫೋನಿನಲ್ಲಿ ಧಾರಾವಾಹಿ. ಕತ್ತಿಯಿಂದ ಕಣ್ಣೆತ್ತದೆಯೇ ಒಬ್ಬರು, "ಏ ಮಾಣಿ, ನಿನ್ನ ಟೈಮ್ ಮುಗೀತು" ಎನ್ನುತ್ತಾರೆ. "ಅಪ್ಪಯ್ಯ ನೋಡ್ತಾ ಇದಾರಲ್ಲ ಮತ್ತೆ?" ಎಂದರೆ ಅಧಿಕಪ್ರಸಂಗ. ಮೊದಲು ಅದೇ ಜಾಗದಲ್ಲಿ ಕತೆ, ಊರ ಸುದ್ದಿ, ಚೂರುಪಾರು ಚಾಡಿ ಎಲ್ಲ ನಡೆಯುತ್ತಿತ್ತು. ಮಕ್ಕಳು ಕೇಳಬಾರದ್ದನ್ನೂ ಕೇಳುತ್ತ ನಿದ್ದೆ ಹೋಗುತ್ತಿದ್ದರು.

ಗಡಿಯಾರ ನೋಡಿ ಅಳೆಯುವುದರಲ್ಲಿ ಇನ್ನೊಂದು ಅನ್ಯಾಯವಿದೆ. 1990ರಲ್ಲಿ ತೀರಿಕೊಂಡ ಯಕ್ಷಗಾನ ಭಾಗವತ ಕಾಳಿಂಗ ನಾವಡರ ಪದವನ್ನು ಯೂಟ್ಯೂಬಿನಲ್ಲಿ ಹಿಂದೆ ಮುಂದೆ ಮಾಡಿ ಕೇಳಿ, ಜಾಗಟೆ ಬದಲು ತಟ್ಟೆ ಬಡಿಯುವ ಹುಡುಗಿಗೂ, ಬೆರಳಲ್ಲಿ ರೀಲ್ಸ್ ತಳ್ಳುತ್ತ ಬಾಯಿ ತೆರೆದು ಕೂತವನಿಗೂ ಒಂದೇ ಗಂಟೆ. ಅವಳಿಗೆ ಇನ್ನರ್ಧ ಗಂಟೆ ಕೊಟ್ಟರೆ ಕಾನೂನು ಮುರಿದುಬೀಳುತ್ತದೆ ಎಂದು ನನಗೇನೂ ಅನ್ನಿಸುವುದಿಲ್ಲ.

ಮನೆಯೊಳಗಿನ ಕಾನೂನು ಮನೆಯೊಳಗೇ ಗೆಲ್ಲುವುದು ಇಲ್ಲಿ ಕಷ್ಟ; ಮಕ್ಕಳು ಸೇರಲು ಹೊರಗೊಂದು ಜಾಗವೂ ಬೇಕು. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು; ಅವಕ್ಕೀಗ ಅರಿವು ಕೇಂದ್ರ ಎಂದು ಹೆಸರು. ಪುಸ್ತಕದ ಜೊತೆಗೆ ಎರಡು ಕೇರಂ ಬೋರ್ಡು, ಸೋರದ ಒಂದು ಮಾಡು, ಮಳೆ ರಜೆಯ ದಿನವೂ ತೆರೆದಿರುವ ಬಾಗಿಲು ಇದ್ದರೆ ಸುತ್ತಿನ ಮಕ್ಕಳಿಗೆ ಜೊತೆ ಸಿಕ್ಕೀತು. ಸಂಜೆ ಶಾಲೆಯ ವ್ಯಾನು ಬಂದು ನಿಂತಾಗ ಆ ಬಾಗಿಲಿಗೆ ಬೀಗ ಬಿದ್ದಿರುತ್ತದೆಯೋ ಇಲ್ಲವೋ ಎಂದು ಪಾಲಕರು ಪಂಚಾಯಿತಿಯನ್ನು ಕೇಳಬೇಕು.