ನೀರಿಳಿದ ನೆಲ, ಮರುಭೂಮಿಯ ಬಿಂಬ: ಭೂದೃಶ್ಯ ಛಾಯಾಚಿತ್ರದ ಡಿಜಿಟಲ್ ರೂಪಾಂತರವನ್ನು ಕುರಿತು

ಕರ್ನಾಟಕದಲ್ಲಿ ಚಿತ್ರಕಲೆ ಹಾಗೂ ಶಿಲ್ಪಕಲೆಗಳ ವಿಮರ್ಶೆ ಬೆಳೆದಷ್ಟು ಛಾಯಾಚಿತ್ರ ಕಲೆಯ ವಿಮರ್ಶೆ ಬೆಳೆದಿಲ್ಲ. ಛಾಯಾಚಿತ್ರವನ್ನು ಮೂಲದ್ರವ್ಯವಾಗಿ ಇಟ್ಟುಕೊಂಡು ಗಣಕಯಂತ್ರದಲ್ಲಿ ರೂಪುಗೊಳ್ಳುವ ಡಿಜಿಟಲ್ ಕಲೆಯ ಬಗೆಗಂತೂ ನಮ್ಮಲ್ಲಿರುವ ಮಾತುಗಳು ಬಹುಮಟ್ಟಿಗೆ ಎರಡೇ ಬಗೆಯವು. ಒಂದು, ತಂತ್ರಾಂಶವನ್ನು ಬಳಸುವ ಕ್ರಮವನ್ನು ಹೇಳಿಕೊಡುವ ಕೈಪಿಡಿಯ ಮಾತು. ಇನ್ನೊಂದು, ಇದು ಕಲೆಯೇ ಅಲ್ಲವೆಂದು ತಳ್ಳಿಹಾಕುವ ಮಾತು. ಈ ಎರಡರ ನಡುವೆ ಕೃತಿಯನ್ನು ಎದುರಿಗಿಟ್ಟುಕೊಂಡು ಅದರ ಗುಣದೋಷಗಳನ್ನು ಪರಿಶೀಲಿಸುವ ಮಾರ್ಗವೊಂದು ಸಾಧ್ಯವೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಚರ್ಚೆಯ ಅನುಕೂಲಕ್ಕಾಗಿ ಒಂದು ಪ್ರಕಾರವನ್ನು ಮಾತ್ರ ಆರಿಸಿಕೊಳ್ಳಲಾಗಿದೆ: ಬರಡಾಗಿ ಕಾಣುವ ಭೂದೃಶ್ಯದ ಛಾಯಾಚಿತ್ರವನ್ನು ಮರುಭೂಮಿಯ ಕಲ್ಪನಾಚಿತ್ರವಾಗಿ ಮಾರ್ಪಡಿಸುವುದು. ಕ್ಷೇತ್ರವಾಗಿ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ಪ್ರದೇಶಗಳನ್ನು ಇಟ್ಟುಕೊಳ್ಳಲಾಗಿದೆ. ಸರಗೂರು, ಸಾಲಿಗ್ರಾಮಗಳು ಈಗ ಪ್ರತ್ಯೇಕ ತಾಲ್ಲೂಕುಗಳಾಗಿವೆಯಾದರೂ ಇಲ್ಲಿ ಹಳೆಯ ಎಲ್ಲೆಗಳನ್ನೇ ಅನುಸರಿಸಿದೆ. ಈ ಸೀಮೆಯಲ್ಲಿ ಮರುಭೂಮಿಯಿಲ್ಲ. ಇಲ್ಲದ ಮರುಭೂಮಿ ಇಲ್ಲಿನ ಚಿತ್ರಗಳಲ್ಲಿ ಕಾಣಿಸಿಕೊಳ್ಳುವುದಾದರೆ ಅದು ಎಲ್ಲಿಂದ ಬಂತೆಂದು ಕೇಳುವುದು ವಿಮರ್ಶೆಯ ಕೆಲಸ. ಚರ್ಚೆ ಪ್ರಕಾರವನ್ನು ಕುರಿತದ್ದಾದ್ದರಿಂದ ಈ ಸೀಮೆಯ ಕಲಾವಿದರ ಹೆಸರುಗಳನ್ನು ಎತ್ತಿಕೊಂಡಿಲ್ಲ.

ಪೂರ್ವಪರಂಪರೆ

ಛಾಯಾಚಿತ್ರವನ್ನು ತಿದ್ದುವ ಪದ್ಧತಿ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. 1857ರಲ್ಲಿಯೇ ಆಸ್ಕರ್ ರೈಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ಚಿತ್ರವನ್ನು ಮುದ್ರಿಸಿದ್ದನು. ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ್ದನ್ನು ತೆಗೆದ ಪ್ರಸಿದ್ಧ ಚಿತ್ರವನ್ನು ಮುಂದಿನ ದಶಕಗಳಲ್ಲಿ ಮತ್ತೆ ಮತ್ತೆ ಮುದ್ರಿಸಿದಾಗ ಆಕಾಶ ಹೆಚ್ಚು ಹೆಚ್ಚು ಕಪ್ಪಾಗುತ್ತ ಹೋಯಿತು. ನೆಗೆಟಿವ್‌ನಲ್ಲಿ ಇದ್ದ ತೆಳುಮೋಡಗಳು ಕತ್ತಲೆಕೋಣೆಯ ಕೈಚಳಕದಲ್ಲಿ ಮರೆಯಾದವು. ನಮ್ಮಲ್ಲಿಯೂ ಕಪ್ಪುಬಿಳುಪಿನ ಭಾವಚಿತ್ರಗಳಿಗೆ ಕೈಯಿಂದ ಬಣ್ಣ ತುಂಬುವ, ಸ್ಟುಡಿಯೋದ ಹಿಂಬದಿಗೆ ಅರಮನೆಯನ್ನೋ ಉದ್ಯಾನವನ್ನೋ ಬರೆದ ಪರದೆ ಇಳಿಬಿಡುವ ಪದ್ಧತಿ ದೀರ್ಘಕಾಲ ಬಾಳಿತು. ಬೆಂಗಳೂರಿನ ಎನ್. ಪುಷ್ಪಮಾಲಾ ಅವರು ಕ್ಲೇರ್ ಆರ್ನಿ ಅವರೊಡಗೂಡಿ 2000ದಿಂದ 2004ರ ನಡುವೆ ರೂಪಿಸಿದ ದಕ್ಷಿಣ ಭಾರತದ ಸ್ತ್ರೀಯರ ಚಿತ್ರಮಾಲೆ ಈ ಕೃತಕ ಹಿನ್ನೆಲೆಯನ್ನೇ ವಿಮರ್ಶೆಯ ಆಯುಧವಾಗಿ ಬಳಸಿಕೊಂಡಿತು. ಅಲ್ಲಿ ಪರದೆ ಪರದೆಯೆಂದೇ ನೋಡುಗನಿಗೆ ತಿಳಿಯುತ್ತದೆ.

ಡಿಜಿಟಲ್ ರೂಪಾಂತರದ ಚರಿತ್ರೆಯ ಮೊದಲ ದೊಡ್ಡ ವಿವಾದ ಮರುಭೂಮಿಯ ಚಿತ್ರವೊಂದರಿಂದಲೇ ಎದ್ದದ್ದು ಗಮನಾರ್ಹ. 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ, ಈಜಿಪ್ಟಿನ ಗೀಜಾ ಪಿರಮಿಡ್ಡುಗಳ ಅಡ್ಡಚಿತ್ರವನ್ನು ತನ್ನ ಉದ್ದನೆಯ ಮುಖಪುಟಕ್ಕೆ ಹೊಂದಿಸಲು ಎರಡು ಪಿರಮಿಡ್ಡುಗಳನ್ನು ಹತ್ತಿರಕ್ಕೆ ಸರಿಸಿತು. ಸರಿಸಿದ ದೂರ ಅಲ್ಪ. ಓದುಗನಿಗೆ ಅದನ್ನು ತಿಳಿಸದಿದ್ದುದು ದೊಡ್ಡ ಮಾತಾಯಿತು. 1990ರಲ್ಲಿ ಫೋಟೋಶಾಪ್ ಬಂದಿತು; 1994ರಲ್ಲಿ ಅದಕ್ಕೆ ಪದರಗಳ ಸೌಲಭ್ಯ ಸೇರಿತು; 2020ರಲ್ಲಿ ಆಕಾಶವನ್ನು ಒಂದೇ ಆಜ್ಞೆಯಲ್ಲಿ ಬದಲಿಸುವ ಉಪಕರಣವೂ, 2023ರಲ್ಲಿ ಬರಹದ ಸೂಚನೆಯಿಂದಲೇ ಇಲ್ಲದ ವಸ್ತುವನ್ನು ತುಂಬಿಕೊಡುವ ಕೃತಕ ಬುದ್ಧಿಮತ್ತೆಯ ಸೌಲಭ್ಯವೂ ಬಂದವು. ಹಿಂದೆ ಕತ್ತಲೆಕೋಣೆಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಈಗ ಕ್ಷಣದ್ದಾಗಿದೆ. ಶ್ರಮ ಇಳಿದಂತೆ ಆಯ್ಕೆಯ ಹೊಣೆ ಏರಬೇಕಾದದ್ದು ನ್ಯಾಯ.

ನೆಲದ ಸಾಕ್ಷ್ಯ

ಮೈಸೂರು ಜಿಲ್ಲೆಯಲ್ಲಿ ಮರಳಿನ ದಿಬ್ಬಗಳೆಂದರೆ ನೆನಪಿಗೆ ಬರುವುದು ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡು. ಜನಮನದಲ್ಲಿ ಅದು ಅಲಮೇಲಮ್ಮನ ಶಾಪದ ಫಲ. ನದೀಪಾತ್ರದ ಮರಳು ಗಾಳಿಗೆ ತೂರಿ ಗುಡಿಗಳನ್ನು ಮುಚ್ಚಿತೆಂಬುದು ಭೂವಿಜ್ಞಾನದ ನೋಟ. ನಮ್ಮ ನಾಲ್ಕು ತಾಲ್ಲೂಕುಗಳ ಸ್ಥಿತಿಯೇ ಬೇರೆ. ಹುಣಸೂರು, ಪಿರಿಯಾಪಟ್ಟಣಗಳದು ಹೊಗೆಸೊಪ್ಪು ಬೆಳೆಯುವ ಕೆಂಪುನೆಲ; ಬೇಸಿಗೆಯಲ್ಲಿ ಉತ್ತು ಬಿಟ್ಟ ಹೊಲ, ಅದರಾಚೆ ಒಂಟಿಯಾಗಿ ನಿಂತ ಬ್ಯಾರನ್ನಿನ ಗೋಡೆ, ಇವು ಕ್ಯಾಮೆರಾದ ಕಣ್ಣಿಗೆ ನಿರ್ಜನವೆನಿಸುತ್ತವೆ. ಕೃಷ್ಣರಾಜನಗರದ ಕಡೆ ಕೃಷ್ಣರಾಜಸಾಗರದ ಹಿನ್ನೀರು ಮಳೆ ಕೈಕೊಟ್ಟ ವರ್ಷಗಳಲ್ಲಿ ಬಹುದೂರ ಹಿಂದೆ ಸರಿಯುತ್ತದೆ. 2023ರ ಮುಂಗಾರು ವಿಫಲವಾಗಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದಾಗ ಇಂಥ ಬಯಲುಗಳ ಚಿತ್ರಗಳು ಎಲ್ಲೆಡೆ ಹರಡಿದವು.

ಪ್ರಕಾರದ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದುದು ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರಿನ ಪ್ರದೇಶ. ಬೀಚನಹಳ್ಳಿಯ ಬಳಿ 1974ರಲ್ಲಿ ಪೂರ್ಣಗೊಂಡ ಈ ಜಲಾಶಯದ ಗರಿಷ್ಠ ಮಟ್ಟ 2284 ಅಡಿ, ಸಂಗ್ರಹ ಸಾಮರ್ಥ್ಯ 19.52 ಟಿ.ಎಂ.ಸಿ. ಖೆಡ್ಡಾಗಳಿಗೆ ಹೆಸರಾಗಿದ್ದ ಕಾಕನಕೋಟೆಯ ಕಾಡಿನ ಒಂದು ಭಾಗ ಇದರಲ್ಲಿ ಮುಳುಗಿತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಊರುಗಳೂ ಹಾಡಿಗಳೂ ನೆಲೆ ಕಳೆದುಕೊಂಡವು. ಬೇಸಿಗೆಯಲ್ಲಿ ನೀರಿಳಿದಾಗ ಅಂದು ಮುಳುಗಿದ ಮರಗಳ ಒಣಕಾಂಡಗಳು ಬಯಲಿನಲ್ಲಿ ಎದ್ದು ನಿಲ್ಲುತ್ತವೆ, ಬಿರಿದ ಜೇಡಿಮಣ್ಣು ದಿಗಂತದವರೆಗೆ ಚಾಚುತ್ತದೆ. ಮರುಭೂಮಿಯ ಚಿತ್ರಕ್ಕೆ ಬೇಕಾದ ಸಾಮಗ್ರಿಯೆಲ್ಲ ಇಲ್ಲಿ ತಾನಾಗಿ ಒದಗಿಬರುತ್ತದೆ.

ಆದರೆ ಈ ಬಯಲು ಬಂಜೆಯಲ್ಲ. ನೀರು ಹಿಂದೆ ಸರಿದಂತೆ ತೇವ ಉಳಿದ ಮಣ್ಣಿನಲ್ಲಿ ಎಳೆಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಒಣಗಿ ನಿಂತಿರುವ ಆ ತಿಂಗಳುಗಳಲ್ಲಿಯೇ ನಾಗರಹೊಳೆ, ಬಂಡೀಪುರ, ವಯನಾಡುಗಳ ಆನೆಗಳು ಈ ಹುಲ್ಲಿಗೂ ನೀರಿಗೂ ಹಿಂಡುಹಿಂಡಾಗಿ ಬಂದು ಸೇರುತ್ತವೆ. ಛಾಯಾಚಿತ್ರದಲ್ಲಿ ಬರಡಾಗಿ ತೋರುವ ನೆಲ ಆ ಸೀಮೆಯ ಜೀವಗಳಿಗೆ ಬೇಸಿಗೆಯ ಆಸರೆಯಾಗಿದೆ. ಈ ವಿರೋಧಾಭಾಸವನ್ನು ಅರಿಯದೆ ಇಲ್ಲಿನ ಚಿತ್ರಗಳನ್ನು ವಿಮರ್ಶಿಸುವುದು ಕಷ್ಟ.

ರೂಪಾಂತರದ ಕ್ರಮ ಮತ್ತು ಅದರ ದೋಷಗಳು

ಈ ಪ್ರಕಾರದಲ್ಲಿ ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ. ಮೊದಲು ಬಣ್ಣದ ಸಮತೋಲನವನ್ನು ಬಿಸಿಛಾಯೆಯತ್ತ ತಿರುಗಿಸಿ ಹಸಿರನ್ನು ತಗ್ಗಿಸಲಾಗುತ್ತದೆ; ಎಳೆಹುಲ್ಲು ಈ ಹಂತದಲ್ಲಿಯೇ ಕಾವಿಯಾಗುತ್ತದೆ. ಬಳಿಕ ದಿಗಂತರೇಖೆಯವರೆಗೆ ಮಾಸ್ಕ್ ಹಾಕಿ ಬೇರೊಂದು ಆಕಾಶವನ್ನು ಕೂಡಿಸಲಾಗುತ್ತದೆ. ಮಧ್ಯಭಾಗದಲ್ಲಿ ಮರಳಿನ ಅಲೆಗಳ ಪದರ, ಮುನ್ನೆಲೆಯಲ್ಲಿ ಒಂಟಿ ಮನುಷ್ಯನೋ ಒಂಟೆಯೋ. ಕೊನೆಗೆ ಇಡೀ ಚಿತ್ರದ ಮೇಲೆ ಒಂದೇ ಬಗೆಯ ಕಣಕಣವಾದ ಮೇಲ್ಮೈ ಹರಡಿ ಪದರಗಳ ಸಂದುಗಳನ್ನು ಮುಚ್ಚಲಾಗುತ್ತದೆ.

ಇಂಥ ಚಿತ್ರವನ್ನು ಪರೀಕ್ಷಿಸಲು ಮೂರು ಲಕ್ಷಣಗಳನ್ನು ಗಮನಿಸಬಹುದು. ಮೊದಲನೆಯದು ನೆರಳು. ಈ ಸೀಮೆ ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಮೂರು–ನಾಲ್ಕನೆಯ ವಾರಗಳ ಆಸುಪಾಸಿನಲ್ಲಿ ನಡುಹಗಲ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಆಗ ಒಣಮರದ ಕಾಂಡಕ್ಕೆ ನೆರಳೇ ಇಲ್ಲವೆನ್ನಬೇಕು. ಅಂಥ ಮೂಲಚಿತ್ರದ ಮೇಲೆ ಸಂಜೆಯ ಇಳಿಬೆಳಕಿನ ಆಕಾಶವನ್ನು ಕೂರಿಸಿದಾಗ ನೆಲ ಒಂದು ಹೊತ್ತನ್ನೂ ಬಾನು ಇನ್ನೊಂದು ಹೊತ್ತನ್ನೂ ಹೇಳತೊಡಗುತ್ತವೆ. ಎರಡನೆಯದು ಮಣ್ಣು. ಬಿರುಕು ಬಿಡುವುದು ಜೇಡಿ, ಮರಳು ಬಿರಿಯುವುದಿಲ್ಲ. ನಿಜವಾದ ಮರುಭೂಮಿಗಳಲ್ಲಿ ಕೂಡ ಬಿರಿದ ನೆಲವಿರುವುದು ಹಿಂದೆ ನೀರು ನಿಂತ ತಗ್ಗುಗಳಲ್ಲಿ. ಬಿರುಕು ನೀರು ಬರೆದು ಹೋದ ಗೆರೆ. ಅದನ್ನು ನೀರೇ ಇಲ್ಲದ ನಾಡಿನ ಚಿಹ್ನೆಯಾಗಿ ಬಳಸುವವನು ಎದುರಿಗಿರುವ ಬರಹವನ್ನು ಓದಿಲ್ಲವೆಂದೇ ಅರ್ಥ. ಮೂರನೆಯದು ಅಳತೆ. ತಂದು ಕೂಡಿಸಿದ ಆಕೃತಿಯ ಗಾತ್ರ ದಿಗಂತದ ಎತ್ತರಕ್ಕೆ ಹೊಂದದಿದ್ದರೆ ನೋಡುಗ ನಿಂತ ತಾಣವೇ ಕಾಣೆಯಾಗುತ್ತದೆ.

ಇವನ್ನು ಕೇವಲ ತಾಂತ್ರಿಕ ದೋಷಗಳೆಂದು ಬಿಡುವಂತಿಲ್ಲ. ಬೆಳಕು, ಮಣ್ಣು, ಅಳತೆಗಳಲ್ಲಿ ಎಡವಿದ ಚಿತ್ರ ಆ ನೆಲವನ್ನು ಗಮನಿಸದೆ, ಮೊದಲೇ ಕಂಡ ಬೇರೆ ಚಿತ್ರಗಳ ನೆನಪಿನಿಂದ ಹುಟ್ಟಿದ್ದಾಗಿರುತ್ತದೆ. ಕೆ. ವೆಂಕಟಪ್ಪನವರ ಊಟಿಯ ಜಲವರ್ಣ ಭೂದೃಶ್ಯಗಳನ್ನು ಕಂಡವರಿಗೆ ನಿರ್ದಿಷ್ಟ ಜಾಗದ ಮಂಜನ್ನೂ ಬೆಳಕನ್ನೂ ಕಾದು ಕೂರುವುದೆಂದರೇನೆಂಬುದು ತಿಳಿದಿದೆ. ಕುಂಚದ ಬದಲು ಗಣಕ ಬಂದಿತೆಂಬ ಕಾರಣಕ್ಕೆ ಆ ಕಾಯುವಿಕೆಗೆ ವಿನಾಯಿತಿ ದೊರೆಯದು.

ವಾಚ್ಯ ಮತ್ತು ಧ್ವನಿ

ಇಲ್ಲಿ ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆ ನೆರವಿಗೆ ಬರುತ್ತದೆ. ಆನಂದವರ್ಧನನು ಅವಿವಕ್ಷಿತವಾಚ್ಯಧ್ವನಿಯನ್ನು ಎರಡಾಗಿ ವಿಂಗಡಿಸುತ್ತಾನೆ: ವಾಚ್ಯಾರ್ಥ ಬೇರೊಂದು ಅರ್ಥಕ್ಕೆ ಸಂಕ್ರಮಿಸುವುದು ಅರ್ಥಾಂತರಸಂಕ್ರಮಿತ, ವಾಚ್ಯಾರ್ಥ ಪೂರ್ತಿಯಾಗಿ ಬಿಟ್ಟುಹೋಗುವುದು ಅತ್ಯಂತತಿರಸ್ಕೃತ. ಛಾಯಾಚಿತ್ರದ ವಾಚ್ಯವೆಂದರೆ ಇಂಥ ದಿನ, ಇಂಥ ಜಾಗ ಹೀಗಿತ್ತೆಂಬುದು. ಡಿಜಿಟಲ್ ರೂಪಾಂತರ ಈ ವಾಚ್ಯವನ್ನು ಮತ್ತೊಂದು ಅರ್ಥದತ್ತ ಒಯ್ಯಬಹುದು, ಇಲ್ಲವೇ ಸಂಪೂರ್ಣ ತಿರಸ್ಕರಿಸಬಹುದು. ಆನಂದವರ್ಧನನಿಗೆ ಎರಡೂ ಧ್ವನಿಯ ಪ್ರಭೇದಗಳೇ; ಆದ್ದರಿಂದ ತಿರಸ್ಕಾರವೇ ದೋಷವೆನ್ನಲಾಗದು. ತಿರಸ್ಕರಿಸಿದ ಬಳಿಕ ವ್ಯಂಗ್ಯಾರ್ಥ ಯಾವುದೂ ಹೊಮ್ಮದಿದ್ದರೆ ಅದು ದೋಷ. ಕಬಿನಿಯ ಬಯಲು ಹೆಸರಿಲ್ಲದ ಮರಳುಗಾಡಾಗಿ, ಮುಳುಗಿದ ಮರ ಅಲಂಕಾರವಾಗಿ ಉಳಿದಾಗ ವಾಚ್ಯವೂ ಇಲ್ಲ, ಧ್ವನಿಯೂ ಇಲ್ಲ. ಸಿದ್ಧ ಸೊಗಸೊಂದೇ ಉಳಿಯುತ್ತದೆ.

ತಮಿಳಿನ ಸಂಗಂ ಕಾವ್ಯಪರಂಪರೆಯ ಪಾಲೈ ಎಂಬ ಕಲ್ಪನೆ ಇದಕ್ಕೆ ಬೇರೊಂದು ದಾರಿ ತೋರಿಸುತ್ತದೆ. ಐದು ತಿಣೈಗಳಲ್ಲಿ ಪಾಲೈ ಬರಡುನೆಲದ್ದು, ವಿರಹದ್ದು. ಆದರೆ ಶಿಲಪ್ಪದಿಕಾರದ ಪ್ರಕಾರ ಪಾಲೈ ಸ್ವತಂತ್ರವಾದ ನೆಲವಲ್ಲ. ಬೆಟ್ಟದ ಕುರಿಂಜಿಯೂ ಕಾಡಿನ ಮುಲ್ಲೈಯೂ ಬೇಸಿಗೆಯ ತಾಪದಲ್ಲಿ ತಮ್ಮ ಸ್ವಭಾವ ಕಳೆದುಕೊಂಡಾಗ ತಾಳುವ ರೂಪವದು. ಬೆಟ್ಟವೂ ಕಾಡೂ ಸೇರುವ ಹೆಗ್ಗಡದೇವನಕೋಟೆಗೆ ಇದಕ್ಕಿಂತ ಹೊಂದುವ ಮೀಮಾಂಸೆ ದೊರೆಯುವುದು ವಿರಳ. ಇಲ್ಲಿ ಮರುಭೂಮಿ ಎಂಬುದು ಸ್ಥಳದ ಹೆಸರಾಗಲಾರದು. ಅದು ಒಂದು ಋತುವಿನ ಅವಸ್ಥೆ, ಅಣೆಕಟ್ಟಿನ ನಂತರದ ಕಾಲದಲ್ಲಿ ಮನುಷ್ಯನ ನಿರ್ಧಾರದ ಅವಸ್ಥೆ ಕೂಡ. ಬಿರಿದ ನೆಲದ ಪದರದಡಿಯಲ್ಲಿ ಅದೇ ಜಾಗದ ತುಂಬುನೀರು ತೆಳುವಾಗಿ ಕಾಣುವಂತೆ, ಇಲ್ಲವೇ ಒಣಕಾಂಡಗಳ ಮೇಲೆ ಹಿಂದಿನ ಕಾಡಿನ ಹಸಿರು ನೆರಳಾಗಿ ಸುಳಿಯುವಂತೆ ರಚಿಸಿದ ಚಿತ್ರ ಅರ್ಥಾಂತರಸಂಕ್ರಮಿತದ ಮಾದರಿಯಾದೀತು. ಪದರವೆಂಬ ತಾಂತ್ರಿಕ ಸೌಲಭ್ಯಕ್ಕೆ ಅಲ್ಲಿ ಅರ್ಥದ ಕೆಲಸ ದೊರೆಯುತ್ತದೆ. ಕನ್ನಡದ ಬಿಸಿಲ್ಗುದುರೆ ಎಂಬ ಪದದಲ್ಲಿಯೂ ಇದೇ ಇದೆ: ಕಾಣುವ ನೀರು ಸುಳ್ಳು, ಅದನ್ನು ಕಾಣಿಸುವ ಬಾಯಾರಿಕೆ ನಿಜ.

ಒಂದು ಆಕ್ಷೇಪ

ಕಲಾವಿದನಿಗೆ ಕಲ್ಪನೆಯ ಸ್ವಾತಂತ್ರ್ಯವಿದೆ, ಭೂಗೋಳದ ಪಾಠ ಒಪ್ಪಿಸುವ ಹೊಣೆ ಅವನದಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪ ಯುಕ್ತವಾದುದೇ. ಅಂತಾರಾಷ್ಟ್ರೀಯ ಛಾಯಾಚಿತ್ರ ಒಕ್ಕೂಟ ಹಾಗೂ ಅಮೆರಿಕ, ಬ್ರಿಟನ್ನುಗಳ ಪ್ರಮುಖ ಛಾಯಾಚಿತ್ರ ಸಂಸ್ಥೆಗಳು 2014ರಲ್ಲಿ ಒಪ್ಪಿದ ನಿಸರ್ಗ ಛಾಯಾಚಿತ್ರದ ವ್ಯಾಖ್ಯೆ, ಚಿತ್ರಕ್ಕೆ ಏನನ್ನೂ ಸೇರಿಸಬಾರದು, ತೆಗೆಯಬಾರದು, ಸರಿಸಬಾರದು ಎನ್ನುತ್ತದೆ. ಆ ಕಟ್ಟಳೆ ನಿಸರ್ಗ ವಿಭಾಗಕ್ಕೆ ಮಾತ್ರ ಸಲ್ಲತಕ್ಕದ್ದು. ಸೃಜನಶೀಲ ವಿಭಾಗಕ್ಕೆ ಅದನ್ನು ಹೇರುವುದು ಸಲ್ಲದು. ಜರ್ಮನಿಯ ಆಂದ್ರಿಯಾಸ್ ಗುರ್ಸ್ಕಿ 1999ರ ತನ್ನ ಚಿತ್ರದಲ್ಲಿ ನದಿಯಾಚೆಯ ಕಟ್ಟಡಗಳನ್ನು ಅಳಿಸಿಹಾಕಿ ನೀರು, ಹುಲ್ಲು, ಆಕಾಶಗಳ ಪಟ್ಟಿಗಳನ್ನಷ್ಟೇ ಉಳಿಸಿದನು. ಆದರೆ ಆ ಚಿತ್ರದ ಶೀರ್ಷಿಕೆ ರೈನ್ ನದಿಯ ಹೆಸರೇ. ಆಡಮ್ಸ್ ಆಕಾಶವನ್ನು ಕಪ್ಪಾಗಿಸಿದನು, ಹಳ್ಳಿಯ ಹೆಸರನ್ನು ಬಿಡಲಿಲ್ಲ. ಕಲ್ಪನೆಗೆ ಅಡ್ಡಿಯಾಗದೆ ನೆಲದ ಹಕ್ಕನ್ನು ಕಾಯುವ ಕೆಲಸವನ್ನು ಹೆಸರು ಮಾಡಬಲ್ಲದು.

ಸಮಾರೋಪ

ಇದು ಸೌಂದರ್ಯದ ವಿಚಾರ ಮಾತ್ರವಾಗಿ ಉಳಿಯುವುದಿಲ್ಲ. ಒಂದು ಸೀಮೆಯ ಚಿತ್ರಗಳು ಕ್ರಮೇಣ ಅದರ ದಾಖಲೆಗಳಾಗುತ್ತವೆ. ಕಬಿನಿಯ ಬಯಲು ಮರುಭೂಮಿಯೆಂಬ ಹೆಸರಿನಲ್ಲಿ ಸಂಗ್ರಹಗಳನ್ನು ಸೇರಿದರೆ, ಅದು ಎಂದೆಂದಿಗೂ ಖಾಲಿಯಾಗಿದ್ದ ನೆಲವೆಂಬ ನಂಬಿಕೆಗೆ ಚಿತ್ರವೇ ಸಾಕ್ಷಿಯಾಗಿ ನಿಲ್ಲುತ್ತದೆ. ಅಲ್ಲಿ ಮುಳುಗಿದ ಕಾಡಿಗೂ ಎದ್ದುಹೋದ ಹಾಡಿಗಳಿಗೂ ಚಿತ್ರದೊಳಗೆ ಜಾಗವಿರುವುದಿಲ್ಲ. ಆದ್ದರಿಂದ ಅಕಾಡೆಮಿಗಳು, ಗ್ರಂಥಾಲಯಗಳು ಹಾಗೂ ಛಾಯಾಚಿತ್ರವನ್ನು ಬೋಧಿಸುವ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಸಂಸ್ಥೆಯಂಥ ಕೇಂದ್ರಗಳು ಡಿಜಿಟಲ್ ಕೃತಿಯನ್ನು ಸ್ವೀಕರಿಸುವಾಗ ಅದರೊಡನೆ ತಿದ್ದದ ಮೂಲಚಿತ್ರವನ್ನೂ, ತೆಗೆದ ಸ್ಥಳ ಹಾಗೂ ದಿನಾಂಕವನ್ನೂ, ಸೇರಿಸಿದ ಹಾಗೂ ತೆಗೆದ ಅಂಶಗಳ ಚಿಕ್ಕ ಟಿಪ್ಪಣಿಯನ್ನೂ ಪಡೆದಿಡುವುದು ಸೂಕ್ತ. ಕೃತಕ ಬುದ್ಧಿಮತ್ತೆಯಿಂದ ತುಂಬಿದ ಭಾಗಗಳ ವಿಷಯದಲ್ಲಿ ಇದು ಇನ್ನೂ ಅಗತ್ಯ.

ಈ ನಾಲ್ಕು ತಾಲ್ಲೂಕುಗಳ ಬೇಸಿಗೆ ಡಿಜಿಟಲ್ ಕಲಾವಿದನಿಗೆ ಸಮೃದ್ಧವಾದ ವಸ್ತುವನ್ನು ಒದಗಿಸುತ್ತದೆ. ಅದನ್ನು ಮರುಭೂಮಿಯಾಗಿ ಕಲ್ಪಿಸಿಕೊಳ್ಳುವುದಕ್ಕೆ ಯಾರ ತಡೆಯೂ ಇರಬೇಕಾಗಿಲ್ಲ. ಮುಂಗಾರು ಬಂದೊಡನೆ ಆ ನೆಲ ಮತ್ತೆ ನೀರಿನಡಿಗೆ ಹೋಗುತ್ತದೆ ಎಂಬ ತಿಳಿವು ಚಿತ್ರದೊಳಗೆ ಎಲ್ಲಿಯಾದರೂ ಉಳಿದಿರಲಿ ಎಂಬುದಷ್ಟೇ ಈ ವಿಮರ್ಶೆಯ ಅಪೇಕ್ಷೆ.