ಊರಿನ ಹೆಸರು ಬಿಡಿ, ಗೆರೆ ನೋಡಿ

ನಗರದೃಶ್ಯದ ಎಚ್ಚಿಂಗ್ (ಆಮ್ಲದಿಂದ ಕೊರೆದ ತಗಡಿನಿಂದ ಅಚ್ಚೊತ್ತಿದ ಚಿತ್ರ) ಮುಂದೆ ನಿಂತ ಬಹುಪಾಲು ಜನ ಮೊದಲು ಓದುವುದು ಕೆಳಗಿನ ಚೀಟಿಯನ್ನು. ಯಾವ ಊರು, ಈ ಬೀದಿ ಈಗ ಎಲ್ಲಿದೆ ಎಂದು ಕೇಳಿ, ಮೊಬೈಲಿನಲ್ಲಿ ಫೋಟೊ ಹೊಡೆದು ಮುಂದೆ ಹೋಗುತ್ತಾರೆ. ಪಕ್ಕದಲ್ಲಿ ಬಣ್ಣದ ಚಿತ್ರವಿದ್ದರಂತೂ ಕಪ್ಪು-ಬಿಳುಪನ್ನು ಕೇಳುವವರೇ ಇಲ್ಲ. ಆಯನೂರಿನಿಂದಲೋ ಭದ್ರಾವತಿಯಿಂದಲೋ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಹೋಗುವ ಹೊಸ ರಸಿಕರಿಗೆ ಈ ಚಾಳಿ ಅಂಟದಿರಲಿ.

ನೋಡಬೇಕಾದದ್ದು ಗೆರೆಯ ಆಳ. ಸೂಜಿ ದಾರಿ ತೋರಿಸುತ್ತದೆ ಅಷ್ಟೆ, ತಾಮ್ರವನ್ನು ತಿನ್ನುವುದು ಆಮ್ಲ. ದೂರದ ಗೋಪುರದ ಗೆರೆಗಳಿಗೆ ಸ್ವಲ್ಪ ಹೊತ್ತಿನ ಆಮ್ಲ ಸಾಕು. ಆಮೇಲೆ ಅವುಗಳನ್ನು ವಾರ್ನಿಶ್ ಹಚ್ಚಿ ಮುಚ್ಚಿ, ತಗಡನ್ನು ಮತ್ತೆ ಆಮ್ಲಕ್ಕೆ ಇಳಿಸುತ್ತಾರೆ. ಹತ್ತಿರದ ಗೋಡೆಯ ಗೆರೆಗಳು ಕೊನೆಯವರೆಗೂ ಸವೆಯುತ್ತಲೇ ಇರುತ್ತವೆ. ಆಳವಾದ ಗೆರೆ ಹೆಚ್ಚು ಮಸಿ ಹಿಡಿದು ಕಪ್ಪಾಗಿ ಮುಂದೆ ಬರುತ್ತದೆ, ತೆಳುವಾದದ್ದು ಬೂದಾಗಿ ಹಿಂದೆ ಸರಿಯುತ್ತದೆ. ಮಳೆಗಾಲದ ಮಂಜಿನಲ್ಲಿ ಆಯನೂರಿನ ಸಾಗರ ರಸ್ತೆಯುದ್ದಕ್ಕೂ ಕಣ್ಣು ಹಾಯಿಸಿದವರಿಗೆ ಇದು ಹೊಸದಲ್ಲ: ಎದುರಿನ ಮರ ಕಡುಗಪ್ಪು, ಅದರಾಚೆಯದು ಬೂದು, ಇನ್ನೂ ಆಚೆಯದು ಇದ್ದೂ ಇಲ್ಲದಂತೆ. ಎಚ್ಚಿಂಗ್‌ನಲ್ಲಿ ಆ ಮಂಜನ್ನು ಕಲಾವಿದ ಗಡಿಯಾರ ನೋಡಿಕೊಂಡು ಕಟ್ಟಬೇಕು.

ಹೀಗೆ ಕಟ್ಟಿದವರಲ್ಲಿ ಫ್ರಾನ್ಸಿನ ಶಾರ್ಲ್ ಮೆರಿಯಾನ್‌ಗೆ ಸಾಟಿಯಿಲ್ಲ. ನೌಕಾಪಡೆಯ ಅಧಿಕಾರಿಯಾಗಿದ್ದ ಆತ ವರ್ಣಾಂಧ. 1850ರಿಂದ 1854ರವರೆಗೆ ಪ್ಯಾರಿಸ್ಸನ್ನು ತಗಡಿಗಿಳಿಸಿದ. ನೋತ್ರ್ ದಾಮ್ ಚರ್ಚನ್ನು ಹಿಂಬದಿಯಿಂದ ತೋರಿಸುವ ಅವನ ಚಿತ್ರವೇ ಈ ಲೇಖಕನ ಕಣ್ಣು ತೆರೆಸಿತು. ಭೂತಗನ್ನಡಿ ಹಿಡಿದಾಗ ಸೇತುವೆಯ ಕಮಾನಿನ ಕತ್ತಲೆ ಬಿಡಿಬಿಡಿ ಗೆರೆಗಳಾಗಿ ಒಡೆಯಿತು. ಮೇಲೆ ಆಕಾಶಕ್ಕೆ ಕೂದಲೆಳೆಯಷ್ಟು ಸಣ್ಣ ಗೆರೆಗಳು. ಬಣ್ಣ ಬೇಕೆನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಇನ್ನೊಬ್ಬ ಎಚ್ಚಿಂಗ್ ಕಲಾವಿದ ವಿಸ್ಲರ್ ಬೇರೆ ದಾರಿ ಹಿಡಿದ. 1880ರಲ್ಲಿ ಲಂಡನ್ನಿನಲ್ಲಿ ತೋರಿಸಿದ 12 ವೆನಿಸ್ ಚಿತ್ರಗಳಲ್ಲಿ ಗೆರೆ ಕಡಿಮೆ, ಖಾಲಿ ಜಾಗ ಹೆಚ್ಚು. ತಗಡು ಒರೆಸುವಾಗ ಬೇಕೆಂದೇ ಉಳಿಸಿದ ಮಸಿಯ ತೆಳುಪೊರೆಯೇ ಅಲ್ಲಿ ರಾತ್ರಿಯಾಗುತ್ತದೆ. ಒರೆಸುವ ಕೈ ಬದಲಾದಂತೆ ಒಂದು ಪ್ರತಿ ಇನ್ನೊಂದರಂತಿರುವುದಿಲ್ಲ.

ಕನ್ನಡನಾಡಿನ ಊರುಗಳೂ ತಗಡಿನ ಮೇಲೆ ಬಂದಿವೆ. ಸೈನ್ಯಾಧಿಕಾರಿ ಜೇಮ್ಸ್ ಹಂಟರ್ ಬರೆದ ಮೈಸೂರು ಸೀಮೆಯ 40 ದೃಶ್ಯಗಳನ್ನು, ಆತ ತೀರಿಕೊಂಡು ವರ್ಷಗಳಾದ ಮೇಲೆ, ಎಡ್ವರ್ಡ್ ಓರ್ಮ್ 1805ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಅವುಗಳಲ್ಲೊಂದು ಬೆಂಗಳೂರಿನ ಅರಮನೆಗೆ ಹೋಗುವ ಬೀದಿ. ಇವು ಅಕ್ವಾಟಿಂಟ್: ತಗಡಿಗೆ ರಾಳದ ಪುಡಿ ಹರಡಿ, ಆಮ್ಲದಿಂದ ಛಾಯೆ ಮೂಡಿಸುವ ವಿಧಾನ. ಮೇಲೆ ಕೈಯಿಂದ ಹಚ್ಚಿದ ಬಣ್ಣವನ್ನಷ್ಟೇ ಮೆಚ್ಚಿ ಬಂದವರು ಚಿತ್ರದ ಅರ್ಧವನ್ನೂ ಕಂಡಿಲ್ಲ. ಭೂತಗನ್ನಡಿ ಹಿಡಿದು ಆಕಾಶದಲ್ಲಿ ಆ ರಾಳದ ನವಿರಾದ ಕಣಗಳನ್ನು ಹುಡುಕಬೇಕು, ನಂತರ ಕಟ್ಟಡದ ಅಂಚಿನ ಗೆರೆಗೆ ಇಳಿಯಬೇಕು.